ದೋಷ ಮತ್ತು ದೂಷಣೆ

ಅಡುಗೆಮನೆಯಲ್ಲಿ ಲೋಟ ಒಡೆದ ಸದ್ದಾದರೆ ನಡುಮನೆಯಲ್ಲಿ ಕುಳಿತವರ ಬಾಯಿಂದ ಮೊದಲು ಹೊರಡುವ ಮಾತು "ಏನಾಯಿತು?" ಎಂಬುದಲ್ಲ, "ಯಾರದು?" ಎಂಬುದು. ಗಾಜು ಯಾರ ಕಾಲಿಗಾದರೂ ಚುಚ್ಚಿತೇ, ಲೋಟ ಇಟ್ಟ ಜಾಗವೇ ಸರಿಯಿರಲಿಲ್ಲವೇ ಎಂಬ ವಿಚಾರವೆಲ್ಲ ಆಮೇಲಿನದು. ಕೆಟ್ಟದ್ದು ನಡೆದಾಗ ಕಾರಣವನ್ನು ಹುಡುಕುವುದಕ್ಕಿಂತ ಕಾರಣಪುರುಷನನ್ನು ಹುಡುಕುವುದು ನಮಗೆ ಸಲೀಸು. ಒಬ್ಬನ ಹೆಸರು ಸಿಕ್ಕಿತೆಂದರೆ ಮನಸ್ಸಿಗೆ ಏನೋ ಒಂದು ಸಮಾಧಾನ. ವಿಚಾರಣೆ ಅಲ್ಲಿಗೆ ಮುಗಿಯಿತು ಎಂಬ ಭಾವನೆ. ಇದು ಮನುಷ್ಯಸ್ವಭಾವದ ಒಂದು ಸಣ್ಣ ಚಾಪಲ್ಯ, ಇದರಿಂದ ಯಾರಿಗೂ ದೊಡ್ಡ ನಷ್ಟವಿಲ್ಲ ಎಂದು ನಾನೂ ಬಹುಕಾಲ ತಿಳಿದಿದ್ದೆ. ಹಾಗಲ್ಲ ಎಂದು ಕಲಿಸಿದ್ದು ನಮ್ಮ ಮನೆಯ ಹಳೆಯ ರೇಡಿಯೋ.

ಅದು ನಮ್ಮ ತಂದೆಯವರು 1972ರಲ್ಲಿ ಕೊಂಡ ಟ್ರಾನ್ಸಿಸ್ಟರ್ ಸೆಟ್ಟು. ಮರದ ಪೆಟ್ಟಿಗೆ, ಮುಂದೆ ನೆಯ್ದ ಬಟ್ಟೆಯ ಪರದೆ, ಒಳಗೆ ತಗಡಿನ ಚಾಸಿ, ನಾಲ್ಕು ದಪ್ಪ ಶೆಲ್ಲು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಬೆಳಗಿನ ವಾರ್ತೆ, ಪ್ರದೇಶ ಸಮಾಚಾರ, ರಾತ್ರಿಯ ನಾಟಕ ಎಲ್ಲವೂ ಅದರ ಬಾಯಿಂದಲೇ ಬರಬೇಕಾಗಿತ್ತು. ತಂದೆಯವರು ತೀರಿಕೊಂಡ ಮೇಲೆ ಅದು ತಾಯಿಯವರ ಪಾಲಿಗೆ ಬಂತು. ಅವರಿಗೆ ಕಣ್ಣು ಮಂಜು; ದೂರದರ್ಶನ ಅವರಿಗೆ ಅರ್ಧ ಮಾತ್ರ ಉಪಯೋಗ. ಆದರೆ ಈಚೆಗೆ ಮಧ್ಯಮ ತರಂಗದಲ್ಲಿ ಗರಗರ ಸದ್ದು ಬಹಳ. ಮನೆಮನೆಗೂ ಬಂದಿರುವ ಎಲ್‌ಇಡಿ ದೀಪಗಳೂ ಮೊಬೈಲ್ ಚಾರ್ಜರುಗಳೂ ಆ ತರಂಗಕ್ಕೆ ತಮ್ಮ ಗೊಣಗಾಟವನ್ನು ಬೆರೆಸುತ್ತವಂತೆ. ಮೈಸೂರು ಆಕಾಶವಾಣಿ ಎಫ್‌ಎಂನಲ್ಲಿ, 100.6ರಲ್ಲಿ, ಸ್ವಚ್ಛವಾಗಿ ಕೇಳಿಸುತ್ತದೆ; ನಮ್ಮ ಸೆಟ್ಟಿಗೆ ಆ ವಿದ್ಯೆ ಗೊತ್ತಿಲ್ಲ. ಆಕಾಶವಾಣಿ ಎಂಬ ಹೆಸರೇ ಹುಟ್ಟಿದ್ದು ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಮೂವತ್ತು ವಾಟಿನ ಪ್ರೇಷಕವೊಂದನ್ನಿಟ್ಟು ಆರಂಭಿಸಿದ ನಿಲಯದ ಹೆಸರದು. ಅಷ್ಟು ಹತ್ತಿರದ ಊರಿನ ದನಿ ನಮ್ಮ ಮನೆಯೊಳಗೆ ಬರಲಾರದೆ ಬಾಗಿಲಲ್ಲಿ ನಿಂತಿದ್ದಂತಿತ್ತು.

ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪದವಿಯ ಎರಡನೆಯ ವರ್ಷಕ್ಕೆ ಓದು ಬಿಟ್ಟವನು. ಕೈಕೆಲಸ ಮಾತ್ರ ಚುರುಕು. ನನ್ನ ಕಷ್ಟ ಕೇಳಿ, "ಹೊಸ ರೇಡಿಯೋ ಯಾಕೆ ಸಾರ್? ಎಫ್‌ಎಂ ಬೋರ್ಡು ಅಂತ ಸಿಕ್ತದ. ಅದ ಒಳಗ ಕೂರಿಸಿ ಹಳೇ ಸ್ಪೀಕರಲ್ಲೇ ಹಾಡುಸ್ಬೋದು" ಎಂದ. ಅಂಗೈಗಿಂತ ಸಣ್ಣ ಬೋರ್ಡು, ಅದರ ಮೂತಿಯಲ್ಲಿ ಯುಎಸ್‌ಬಿ ಸಿಕ್ಕಿಸುವ ತಗಡಿನ ಬಾಯಿ. ಅವನು ಒಂದು ಮಾತು ಕೇಳಿದ: "ಈ ಸೆಟ್ಟಿನ ಸರ್ಕ್ಯೂಟ್ ಹಾಳೆ ಏನಾರ ಮನೇಲಿ ಅದಾ ಸಾರ್?" ಹಿಂಬದಿಯ ಮುಚ್ಚಳಕ್ಕೆ ಅಂಟಿಸಿದ್ದ ಆ ಹಾಳೆಯನ್ನು ಜಿರಲೆ ತಿಂದು ಎಷ್ಟೋ ವರ್ಷವಾಗಿತ್ತು. "ಅದೆಲ್ಲ ಏನೂ ಬೇಡ ಕಣಯ್ಯಾ, ಹಾಡಿದರೆ ಸಾಕು" ಎಂದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನಂತೂ ಆಮೇಲೆ ಅದನ್ನು ಅನುಕೂಲಕ್ಕೆ ತಕ್ಕಂತೆ ಮರೆತೆ.

ಎರಡು ದಿನ ಬಿಟ್ಟು ಹೋದಾಗ ರೇಡಿಯೋ ಅವನ ಮೇಜಿನ ಮೇಲೆ ಹಾಡುತ್ತಿತ್ತು. ಬೋರ್ಡು ಇನ್ನೂ ಪೆಟ್ಟಿಗೆಯ ಹೊರಗೆ ತಂತಿಯ ತುದಿಯಲ್ಲಿ ತೂಗಾಡುತ್ತಿತ್ತು. ನಾನು ನೋಡುತ್ತಿದ್ದಂತೆ ಅವನು ಅದನ್ನು ಒಳಗೆ ಚಾಸಿಗೆ ತಿರುಪು ಹಾಕಿ ಬಿಗಿದು, ಮುಚ್ಚಳ ಮುಚ್ಚಿ ಕೊಟ್ಟ. ಮನೆಯಲ್ಲಿ ಒಂದು ವಾರ ಹಾಡಿತು. ಎಂಟನೆಯ ದಿನ ಕಸ ಗುಡಿಸುವಾಗ ಯಾರೋ ಪಕ್ಕಕ್ಕೆ ಸರಿಸಿದರು, ನಿಂತಿತು. ತಟ್ಟಿದರೆ ಒಂದು ಗಳಿಗೆ ಹಾಡಿ ಮತ್ತೆ ಮೌನ. ಹೊಸ ಶೆಲ್ಲು ಹಾಕಿದರೆ ಅರ್ಧ ದಿನಕ್ಕೆ ಖಾಲಿ. ತಾಯಿಯವರು ಒಂದು ಸಲ, "ಶೆಲ್ಲು ಮುಟ್ಟಿದ್ರೆ ಸುಡ್ತಾ ಇತ್ತು ಕಣಪ್ಪ" ಎಂದರು. ವಯಸ್ಸಾದವರ ಮಾತೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಗೆ ಒಯ್ದರೆ, ಮುಚ್ಚಳ ತೆಗೆದು ಬೋರ್ಡನ್ನು ಹೊರಗೆಳೆದ ಕೂಡಲೇ ಹಾಡಲು ತೊಡಗಿತು. "ಚೆನ್ನಾಗೇ ಅದಲ್ಲ ಸಾರ್" ಎಂದ. ಮನೆಗೆ ತಂದರೆ ಮೂಕ. ಹೀಗೆ ಮೂರು ಸಲ ಆಯಿತು.

ಮೂರನೆಯ ಸಲ ನನ್ನ ತಾಳ್ಮೆ ಕೆಟ್ಟಿತು. ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅವರೆದುರಿಗೇ, "ಓದು ನಿನ್ನ ತಲೆಗೆ ಹತ್ತಲಿಲ್ಲ, ಈ ಕೆಲಸವಾದರೂ ಬರುತ್ತದೆಂದುಕೊಂಡಿದ್ದೆ. ಅಪ್ಪನ ಕಾಲದ ಸಾಮಾನನ್ನು ಕೆಡಿಸಿ ಕೈಗೆ ಕೊಟ್ಟೆಯಲ್ಲ" ಎಂದುಬಿಟ್ಟೆ. ಅವನು ಎದುರು ಮಾತಾಡಲಿಲ್ಲ. ತೆಗೆದುಕೊಂಡಿದ್ದ ಹಣವನ್ನು ಎಣಿಸಿ ಮೇಜಿನ ಮೇಲಿಟ್ಟ. ನಾನು ಅದನ್ನು ತೆಗೆದುಕೊಂಡು ಬಂದೆ. ಈಗ ಬರೆಯುವಾಗ ಆ ಹಣವನ್ನು ಎತ್ತಿಕೊಂಡದ್ದೇ ಮಾತಿಗಿಂತ ಹೆಚ್ಚು ಚುಚ್ಚುತ್ತದೆ.

ಹನೂರಿನಲ್ಲಿ ನನ್ನ ಷಡ್ಡಕರ ಮನೆಯಿದೆ. ಅಲ್ಲಿಗೆ ಹೋದಾಗ ರೇಡಿಯೋವನ್ನೂ ಒಯ್ದು, ಅವರಿಗೆ ಪರಿಚಯದ ಅಂಗಡಿಯೊಂದರಲ್ಲಿ ತೋರಿಸಿದೆ. ಅಂಗಡಿಯವರು ಎರಡು ತಂತಿ ಕತ್ತರಿಸಿ ಬೋರ್ಡನ್ನು ತೆಗೆದು ನನ್ನ ಕೈಗೆ ಹಾಕಿದರು. ಹಳೆಯ ಸೆಟ್ಟು ತನ್ನ ಗರಗರ ಸಹಿತವಾಗಿ ಬೆಂಗಳೂರನ್ನು ಹಿಡಿದು ಮಾತಾಡಿತು. "ನೋಡಿ, ಸೆಟ್ಟು ಚಿನ್ನದಂಗದ. ಈ ಬೋರ್ಡೇ ಸರಿಯಿಲ್ಲ" ಎಂದರು. ನನಗೆ ಪರಮ ತೃಪ್ತಿಯಾಯಿತು. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕ ಎಂಬ ಮಾತುಂಟು. ಅದು ಇದ್ದರೆ ಇದು ಇದೆ, ಅದು ಇಲ್ಲದಿದ್ದರೆ ಇದೂ ಇಲ್ಲ. ಆದ್ದರಿಂದ ಇದಕ್ಕೆ ಅದೇ ಕಾರಣ. ಬೋರ್ಡು ಇದ್ದಾಗ ಮೌನ, ತೆಗೆದರೆ ಮಾತು. ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ನಾನು ಆ ಹುಡುಗನಿಗೆ ಆಡಿದ ಮಾತು ನ್ಯಾಯವೇ ಎಂದು ಮನಸ್ಸು ಒಪ್ಪಿಕೊಂಡಿತು.

ಆದರೆ ಷಡ್ಡಕರು ಸುಮ್ಮನಿರುವವರಲ್ಲ. ಅವರ ಮಗ ಆ ಬೋರ್ಡನ್ನು ಮೊಬೈಲ್ ಚಾರ್ಜರಿಗೂ ಒಂದು ಸಣ್ಣ ಸ್ಪೀಕರಿಗೂ ಸಿಕ್ಕಿಸಿದ. ಅದು ರಾತ್ರಿಯವರೆಗೂ ಹಾಡಿತು. "ಬೋರ್ಡಿಗೆ ಏನೂ ಆಗಿಲ್ಲ. ನಿಮ್ಮ ಸೆಟ್ಟಿಗೇ ಐವತ್ತು ದಾಟಿದೆ. ಹೊಸದನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೆಲ್ಲಿ? ಗುಜರಿಗೆ ಹಾಕಿ" ಎಂದರು ಷಡ್ಡಕರು. ನನ್ನ ತರ್ಕ ತಲೆಕೆಳಗಾಯಿತು. ಸೆಟ್ಟನ್ನು ಬಿಟ್ಟರೆ ಬೋರ್ಡು ಹಾಡುತ್ತದೆ, ಸೇರಿಸಿದರೆ ಮೂಕ. ಅದೇ ಅನ್ವಯ ವ್ಯತಿರೇಕದಿಂದ ಈಗ ಅಪರಾಧಿ ಸೆಟ್ಟು! ಒಂದೇ ಪ್ರಮಾಣದಿಂದ ಎದುರುಬದುರಾದ ಎರಡು ತೀರ್ಪು ಬರುವುದಾದರೆ ಎಲ್ಲೋ ಪ್ರಶ್ನೆಯೇ ತಪ್ಪಿರಬೇಕು. ಅಷ್ಟು ಯೋಚಿಸುವ ಸಂಯಮ ಆಗ ನನಗಿರಲಿಲ್ಲ. ಎರಡು ಪಕ್ಷಗಳಿವೆ, ನಾನು ಒಂದನ್ನು ಆರಿಸಿಕೊಳ್ಳಬೇಕು ಎಂದಷ್ಟೇ ತೋರಿತು. ತಂದೆಯವರ ಸೆಟ್ಟಿನ ಮೇಲಿನ ಮಮತೆ ನನ್ನ ಪಕ್ಷವನ್ನು ಆರಿಸಿಕೊಟ್ಟಿತು.

ಇಂಥ ಪಕ್ಷಗಳು ನಮ್ಮ ಸೀಮೆಗೆ ಹೊಸವಲ್ಲ. ಕೊಳ್ಳೇಗಾಲ 1956ರ ನವೆಂಬರ್ ಒಂದರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದನ್ನು ಬಿಡಿಸಿ ತಂದು ಮೈಸೂರಿಗೆ ಬೆಸೆದರು. ತಂದೆಯವರು ಆಗ ಸಣ್ಣ ಹುಡುಗ. ಕಚೇರಿಯಲ್ಲಿ ಒಂದು ಕಾಗದ ತಡವಾದರೆ ಊರ ಹಿರಿಯರಲ್ಲಿ ಕೆಲವರು "ಮದರಾಸಿನ ಕಾಲದಲ್ಲಿ ಹೀಗಿರಲಿಲ್ಲ" ಎನ್ನುತ್ತಿದ್ದರಂತೆ. ಮತ್ತೆ ಕೆಲವರು "ಇವರು ಮದರಾಸಿನ ಪದ್ಧತಿ ಇನ್ನೂ ಬಿಟ್ಟಿಲ್ಲ, ಅದಕ್ಕೇ ಹೀಗೆ" ಎನ್ನುತ್ತಿದ್ದರಂತೆ. ಒಬ್ಬರಿಗೆ ಹೊಸದರ ಮೇಲೆ ದೂರು, ಇನ್ನೊಬ್ಬರಿಗೆ ಹಳೆಯದರ ಮೇಲೆ. ಎರಡು ಕಡೆಯ ಕಾಗದಗಳೂ ಅವುಗಳವುಗಳ ಕಟ್ಟಿನಲ್ಲಿ ಸರಿಯಾಗಿಯೇ ಇದ್ದು, ಎರಡು ಕಟ್ಟುಗಳ ನಡುವೆ ಏನೋ ಹೊಂದಿಕೆಯಾಗಿಲ್ಲವೇನೋ ಎಂದು ನೋಡಿದವರು ಕಡಮೆ. ಸೊಸೆ ಬಂದ ಹೊಸದರಲ್ಲಿ ಮನೆಯೊಳಗೆ ಆಗುವುದೂ ಇದೇ ಅಲ್ಲವೆ?

ಯಳಂದೂರಿನಲ್ಲಿ ಹಿಂದೆ ರೇಡಿಯೋ ಅಂಗಡಿ ಇಟ್ಟಿದ್ದ ವೃದ್ಧರೊಬ್ಬರಿದ್ದಾರೆಂದು ತಿಳಿಸಿದವರು ಕಾಲೇಜಿನ ನಮ್ಮ ಜವಾನರು. ಯಳಂದೂರು ನನ್ನಂಥ ಕನ್ನಡ ಮೇಷ್ಟರಿಗೆ ಸಂಚಿ ಹೊನ್ನಮ್ಮನ ಊರು. ಅಲ್ಲಿಗೆ ಹೋಗಲು ಬೇರೆ ನೆಪ ಬೇಕಾಗಿಲ್ಲ. ಒಂದು ಭಾನುವಾರ ರೇಡಿಯೋವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ವೃದ್ಧರ ಅಂಗಡಿ ಮುಚ್ಚಿ ಬಹಳ ವರ್ಷಗಳಾಗಿವೆ. ಮನೆಯ ಜಗಲಿಯ ಮೇಲೆ ಹಳೆಯ ಮೀಟರು, ಸಾಲ್ಡರಿಂಗ್ ಐರನ್, ಬಿಸ್ಕತ್ತಿನ ಡಬ್ಬಿಯ ತುಂಬ ತಿರುಪು. ನಾನು ನನ್ನ ಕಥೆಯನ್ನೆಲ್ಲ ಹೇಳಿದೆ: ಹುಡುಗ ಹೀಗೆ ಮಾಡಿದ, ಹನೂರಿನವರು ಹಾಗೆ ಹೇಳಿದರು, ಷಡ್ಡಕರ ಅಭಿಪ್ರಾಯ ಇದು. ಅವರು ತಲೆಯಾಡಿಸುತ್ತ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಅವ್ರು ಇವ್ರು ಅಂದದ್ದು ಇರ್ಲಿ ಮೇಷ್ಟ್ರೇ. ಕೆಟ್ಟಾಗ ಯಾನ ಬಿಸಿಯಾಗಿತ್ತು?"

ನನಗೆ ಆಗ ತಾಯಿಯವರ ಮಾತು ನೆನಪಾಯಿತು. ಶೆಲ್ಲು ಸುಡುತ್ತಿತ್ತಂತೆ ಎಂದೆ. ಅವರು ನಕ್ಕು, "ಇದ ಮೊದ್ಲೇ ಅನ್ನಬಾರ್ದ" ಎಂದು ಮುಚ್ಚಳ ಬಿಚ್ಚಿದರು. ಮೀಟರಿನ ಎರಡು ಕಡ್ಡಿಗಳನ್ನು ಅಲ್ಲಿ ಇಲ್ಲಿ ಇಟ್ಟು ನೋಡಿದರು. ಒಂದು ಸಲಕ್ಕೆ ಒಂದೇ ತಂತಿಯನ್ನು ಬಿಡಿಸುವುದು, ನೋಡುವುದು, ಅದನ್ನು ಮೊದಲಿದ್ದಂತೆ ಸೇರಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟುವುದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಂತೆ. ಅರ್ಧ ಗಂಟೆಯ ಮೇಲೆ ಅವರು ಹೇಳಿದ್ದು ಇದು.

ರೇಡಿಯೋದಂಥ ಯಂತ್ರದಲ್ಲಿ ಎಲ್ಲ ಭಾಗಗಳಿಗೂ ಸಾಮಾನ್ಯವಾದ ಒಂದು ನೆಲೆ ಬೇಕು. ಅದನ್ನು ಗ್ರೌಂಡ್, ಎಂದರೆ ನೆಲ, ಎನ್ನುತ್ತಾರೆ. ಅದಕ್ಕೂ ನಾವು ನಿಂತ ಭೂಮಿಗೂ ಸಂಬಂಧವಿರಬೇಕಾಗಿಲ್ಲ; ಶೆಲ್ಲಿನ ಎರಡು ತುದಿಗಳಲ್ಲಿ ಒಂದನ್ನು ನೆಲವೆಂದು ಕರೆದುಕೊಂಡು, ಚಾಸಿಯ ತಗಡಿಗೆ ಅದನ್ನೇ ಸೇರಿಸುತ್ತಾರೆ. ಯಾವ ತುದಿಯನ್ನು ನೆಲವೆನ್ನಬೇಕೆಂಬುದು ಪ್ರಕೃತಿನಿಯಮವಲ್ಲ, ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ. ಮೊದಲ ಕಾಲದ ಟ್ರಾನ್ಸಿಸ್ಟರುಗಳು ಹೆಚ್ಚಾಗಿ ಜರ್ಮೇನಿಯಂನವು, ಪಿಎನ್‌ಪಿ ಎಂಬ ಜಾತಿಯವು. ಅವುಗಳಿಗೆ ಋಣ ವಿದ್ಯುತ್ತನ್ನು ಉಣಿಸಬೇಕು. ಆದ್ದರಿಂದ ಆ ಕಾಲದ ಬಹಳಷ್ಟು ಸೆಟ್ಟುಗಳಲ್ಲಿ ಪ್ಲಸ್ಸೇ ನೆಲ. ಆಮೇಲೆ ಸಿಲಿಕಾನ್ ಬಂತು, ಎನ್‌ಪಿಎನ್ ಜಾತಿ ವಾಡಿಕೆಯಾಯಿತು, ನೆಲ ಮೈನಸ್ಸಾಯಿತು. ಇಂದಿನ ಬೋರ್ಡುಗಳಲ್ಲಿ ಅದೇ ರೂಢಿ. ಆ ಹುಡುಗ ಬೋರ್ಡಿನ ಪ್ಲಸ್ಸನ್ನು ಶೆಲ್ಲಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಸರಿಯಾಗಿಯೇ ಜೋಡಿಸಿದ್ದ. ಹಾಡು ಹೋಗುವ ದಾರಿಯಲ್ಲಿ ಒಂದು ಕಂಡೆನ್ಸರನ್ನೂ ಇಟ್ಟಿದ್ದ. ಅದು ದನಿಯ ಅಲೆಯನ್ನು ದಾಟಿಸಿ, ಒಂದೇ ಸಮನೆ ಹರಿಯುವ ವಿದ್ಯುತ್ತನ್ನು ತಡೆಯುತ್ತದೆ. ಆದರೆ ಯುಎಸ್‌ಬಿಯ ಆ ತಗಡಿನ ಬಾಯಿ ಬೋರ್ಡಿನ ನೆಲಕ್ಕೆ, ಎಂದರೆ ಮೈನಸ್ಸಿಗೆ, ಸೇರಿದ್ದು. ತಿರುಪು ಬಿಗಿದಾಗ ಅದು ಚಾಸಿಯ ಹತ್ತಿರ ಬಂತು. ಚಾಸಿ ಪ್ಲಸ್ಸು. ನಡುವೆ ಇದ್ದದ್ದು ಹಳೆಯ ಬಣ್ಣದ ಒಂದು ಪದರ. ಎಂಟು ದಿನಕ್ಕೆ ಅದು ಉಜ್ಜಿಹೋಯಿತು. ಶೆಲ್ಲಿನ ಎರಡು ತುದಿಗಳೂ ನೇರವಾಗಿ ಒಂದನ್ನೊಂದು ಮುಟ್ಟಿದವು. ಶೆಲ್ಲು ಬಿಸಿಯಾಯಿತು, ಸೆಟ್ಟು ಮೂಕವಾಯಿತು. ಬೋರ್ಡನ್ನು ಹೊರಗೆಳೆದಾಗ ಮುಟ್ಟುವುದು ತಪ್ಪುತ್ತಿತ್ತು, ಹಾಡುತ್ತಿತ್ತು. ಅಂಗಡಿಯ ಹಾಡೂ ನಿಜ, ಮನೆಯ ಮೌನವೂ ನಿಜ.

"ಇದ್ರ ನೆಲ ಪ್ಲಸ್ಸು, ಅದ್ರ ನೆಲ ಮೈನಸ್ಸು. ಎರಡೂ ಒಳ್ಳೇವೇ ಕನ ಮೇಷ್ಟ್ರೇ. ಮೈಗ ಮೈ ತಾಗುಸ್ಬಾರ್ದು, ಅಷ್ಟೇಯ" ಎಂದು ಹೇಳಿ, ಸೈಕಲ್ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ ಬೋರ್ಡಿಗೂ ಚಾಸಿಗೂ ನಡುವೆ ಇಟ್ಟು, ಕಬ್ಬಿಣದ ತಿರುಪಿನ ಬದಲು ಪ್ಲಾಸ್ಟಿಕ್ಕಿನದನ್ನು ಹಾಕಿದರು. ರೇಡಿಯೋ ಹಾಡಿತು. ಹಣ ತೆಗೆದುಕೊಳ್ಳಲಿಲ್ಲ. ಅದು ಇಂದಿಗೂ ಹಾಡುತ್ತಿದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬಳೆಮಂಟಪದ ಮುಂದೆ ಹೋಗಿ ನಿಂತೆ. ಗೌರೀಶ್ವರ ದೇವಾಲಯದ ಆ ಹೆಬ್ಬಾಗಿಲಿನಲ್ಲಿ ಕಲ್ಲಿನ ಬಳೆಗಳ ಸರಪಣಿಗಳು ಇಳಿಬಿದ್ದಿವೆ. ಒಂದೇ ಕಲ್ಲಿನಿಂದ ಕಡೆದದ್ದು. ಬಳೆಗೂ ಬಳೆಗೂ ಬೆಸುಗೆಯೇ ಇಲ್ಲ. ಅಂಥ ಭಾಗ್ಯ ಶಿಲ್ಪಕ್ಕೆ ಉಂಟು. ಬದುಕಿನಲ್ಲಿ ನಮಗೆ ಸಿಗುವುದೆಲ್ಲ ಬೇರೆ ಬೇರೆ ಕಲ್ಲಿನ ತುಂಡುಗಳು. ಬೆಸೆಯದೆ ಗತಿಯಿಲ್ಲ. ಬೆಸೆದಲ್ಲಿ ದೋಷ ತಪ್ಪಿದ್ದಲ್ಲ.

ಈ ತೊಂದರೆ ನಮ್ಮ ರೇಡಿಯೋ ಒಂದರದೇ ಅಲ್ಲ. ಅಮೆರಿಕದಲ್ಲಿ 1958ರಲ್ಲಿ ಸಾಮಾನ್ಯ ಜನರ ಮಾತುಕತೆಗೆಂದು 27 ಮೆಗಾಹರ್ಟ್ಸ್ ಹತ್ತಿರದ ತರಂಗಗಳನ್ನು ತೆರೆದರು. ಸಿಟಿಜನ್ಸ್ ಬ್ಯಾಂಡ್, ಸಂಕ್ಷೇಪವಾಗಿ ಸಿಬಿ, ಎಂದು ಅದರ ಹೆಸರು. ಮೊದಲು 23 ಚಾನೆಲ್, 1977ರಿಂದ 40. ದೂರದ ಹಾದಿಯ ಲಾರಿ ಚಾಲಕರಿಗೆ ಅದು ಸಂಗಾತಿಯಾಯಿತು. ನಮ್ಮ ದೇಶದಲ್ಲೂ 2005ರಲ್ಲಿ ಆ ತರಂಗದ ಐದು ವಾಟಿನೊಳಗಿನ ಸೆಟ್ಟುಗಳಿಗೆ ಲೈಸೆನ್ಸು ಬೇಡವೆಂದು ನಿಯಮವಾಯಿತು. ಆ ಸೆಟ್ಟುಗಳೊಳಗೆ ಪ್ರತಿಧ್ವನಿಯ ಬೋರ್ಡು, ಮಾತು ಮುಗಿದಾಗ ಕೀಂ ಎನ್ನುವ ಬೋರ್ಡು, ಇಂಥವನ್ನು ಪೇಟೆಯಿಂದ ತಂದು ಕೂರಿಸಿಕೊಳ್ಳುವ ಹವ್ಯಾಸ ಅಲ್ಲಿ ಬಹಳ. ಕೂರಿಸಿದ ಮೇಲೆ ಸೆಟ್ಟು ಕೆಟ್ಟರೆ ಅದೇ ವ್ಯಾಜ್ಯ: ಬೋರ್ಡಿನದೋ, ಸೆಟ್ಟಿನದೋ, ಕೂರಿಸಿದವನದೋ? ಆದರೆ ಆ ಸೆಟ್ಟುಗಳನ್ನು ಮಾಡಿದವರಲ್ಲಿ ಕೆಲವರು ಒಂದು ಜಾಣತನ ತೋರಿಸಿದ್ದರು. ಕೆಲವು ಗಾಡಿಗಳ ನೆಲ ಪ್ಲಸ್ಸು, ಕೆಲವುಗಳದು ಮೈನಸ್ಸು ಎಂಬುದನ್ನು ಮೊದಲೇ ಯೋಚಿಸಿ, ಹೊರಗಿನ ತಗಡನ್ನು ಎರಡಕ್ಕೂ ಸೇರಿಸದೆ ಪ್ರತ್ಯೇಕವಾಗಿಟ್ಟರು. ಸೆಟ್ಟು ಎರಡು ಬಗೆಯ ಗಾಡಿಯಲ್ಲೂ ನಡೆಯುತ್ತಿತ್ತು. ತನ್ನ ನೆಲವೇ ಎಲ್ಲರ ನೆಲ ಎಂದು ಭಾವಿಸದೆ ಮಾಡಿದ ವಸ್ತು ಅದು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ದೋಷ ಜೋಡಣೆಯಲ್ಲಿರಬಹುದು ಎಂಬುದನ್ನು ನಾನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದದ ವಿಷಯವೇ ದೋಷ ಯಾವುದು, ಅದೋಷ ಯಾವುದು ಎಂಬ ನಿರ್ಣಯ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ವಿವೇಚನೆಯಿಲ್ಲದೆ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಕೆಡುತ್ತದೆ ಎನ್ನುತ್ತಾನೆ ಆ ಗ್ರಂಥಕಾರ. ಹಾಲು ಕೆಟ್ಟದ್ದೇ? ಅಲ್ಲ. ಮಜ್ಜಿಗೆ ಕೆಟ್ಟದ್ದೇ? ಅದೂ ಅಲ್ಲ. ಹದವರಿಯದ ಕೂಡಿಕೆ ಕೆಟ್ಟದ್ದು. ವೈಯಾಕರಣರು ಇದನ್ನೇ ಅರಿಸಮಾಸ ಎಂದರು. ಆದರೆ ಅವರು ಕೂಡಿಕೆಯನ್ನೇ ನಿಷೇಧಿಸಿದವರಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನೂ ಬಿರುದಾವಳಿಗಳಲ್ಲಿ, ಹಿಂದಿನಿಂದ ಬಂದ ಪ್ರಯೋಗಗಳಲ್ಲಿ ಅದಕ್ಕೆ ಅವಕಾಶ ಕೊಟ್ಟಿದ್ದಾನೆ. ಇಂದು ನಾವು ಬಸ್ ನಿಲ್ದಾಣ ಎನ್ನುವಾಗ ಯಾವ ಹಾಲೂ ಒಡೆಯುವುದಿಲ್ಲ. ಈ ಪಾಠವನ್ನು ಆ ಹುಡುಗನಿಗೂ ನಾನೇ ಹೇಳಿದ್ದೆ. ಪರೀಕ್ಷೆಯಲ್ಲಿ ಅವನು ಏನು ಬರೆದನೋ ನೆನಪಿಲ್ಲ. ಜೀವನದ ಪರೀಕ್ಷೆಯಲ್ಲಿ ಮೇಷ್ಟರೇ ತಪ್ಪು ಬರೆದರು.

ದೋಷ, ದೂಷಣೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಒಂದೇ ಬಸುರಿನ ಮಕ್ಕಳಾದರೂ ಸ್ವಭಾವ ಬೇರೆ. ದೋಷ ವಸ್ತುವಿನಲ್ಲಿರುತ್ತದೆ, ಅದನ್ನು ಕಂಡುಹಿಡಿಯಬೇಕು. ದೂಷಣೆ ನಮ್ಮ ನಾಲಗೆಯಲ್ಲಿರುತ್ತದೆ. ಅದನ್ನು ಯಾರ ಮೇಲಾದರೂ ಹಾಕಬೇಕು. ದೋಷವನ್ನು ಹುಡುಕುವವನಿಗೆ ಪ್ರತಿಯೊಂದು ಸಾಕ್ಷ್ಯವೂ ಬೇಕು, ಶೆಲ್ಲು ಸುಟ್ಟಿತೆನ್ನುವ ಮುದುಕಿಯ ಮಾತೂ ಬೇಕು. ದೂಷಿಸುವವನಿಗೆ ಒಂದು ಸಾಕ್ಷ್ಯ ಸಿಕ್ಕರೆ ಸಾಕು, ಉಳಿದದ್ದು ಬೇಡ. ನಮ್ಮ ಆಯುರ್ವೇದದಲ್ಲಿ ವಾತ ಪಿತ್ತ ಕಫಗಳನ್ನು ದೋಷಗಳೆಂದೇ ಕರೆಯುತ್ತಾರೆ. ಅವು ಸಮವಾಗಿದ್ದಾಗ ದೇಹವನ್ನು ಹಿಡಿದು ನಿಲ್ಲಿಸುವುವೂ ಅವೇ. ಯಾವುದೂ ತನ್ನಷ್ಟಕ್ಕೆ ಅಪರಾಧಿಯಲ್ಲ ಎಂಬ ವಿವೇಕ ಆ ಹೆಸರಿನಲ್ಲಿಯೇ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೋಷವೆಲ್ಲ ಜೋಡಣೆಯದೇ ಆದರೆ ಯಾರೂ ಹೊಣೆಗಾರರಲ್ಲವೆ? ಸೇತುವೆ ಬಿದ್ದರೆ ಸಿಮೆಂಟೂ ಒಳ್ಳೆಯದು, ಕಬ್ಬಿಣವೂ ಒಳ್ಳೆಯದು ಎಂದು ಕೈತೊಳೆದುಕೊಳ್ಳಬಹುದೆ? ಕೂಡದು. ಜೋಡಣೆ ತಾನಾಗಿ ಆಗುವುದಿಲ್ಲ. ಯಾರೋ ಕೈಯಾರೆ ಮಾಡುತ್ತಾರೆ. ಆದ್ದರಿಂದ ಹೊಣೆ ಇದ್ದೇ ಇದೆ. ಆದರೆ ಹೊಣೆ ಬೇರೆ, ದೂಷಣೆ ಬೇರೆ. ಹೊಣೆಯನ್ನು ಹಂಚಬಹುದು, ದೂಷಣೆಗೆ ಒಂದೇ ತಲೆ ಬೇಕು. ನಮ್ಮ ರೇಡಿಯೋದ ವಿಷಯದಲ್ಲಿ ಲೆಕ್ಕ ಹಾಕಿ ನೋಡೋಣ. ಮುಚ್ಚಳ ಮುಚ್ಚಿದ ಮೇಲೆ ಇನ್ನೊಮ್ಮೆ ಮೀಟರು ಹಿಡಿದು ನೋಡಬೇಕಾಗಿತ್ತು. ಅದು ಆ ಹುಡುಗನ ಹೊಣೆ, ಅದನ್ನು ನಾನು ಮನ್ನಾ ಮಾಡುವುದಿಲ್ಲ. ಆದರೆ ಪ್ಲಸ್ಸು ನೆಲವಾಗಿದ್ದ ಕಾಲ ಅವನು ಹುಟ್ಟುವ ಮೊದಲೇ ಮುಗಿದಿತ್ತು. ತಾನು ಎಂದೂ ಕಾಣದ್ದನ್ನು ಅನುಮಾನಿಸುವುದು ಹೇಗೆ? ಹಾಗಿದ್ದೂ ಅವನಿಗೆ ಒಂದು ಅನುಮಾನ ಬಂದಿತ್ತು, ಸರ್ಕ್ಯೂಟ್ ಹಾಳೆ ಕೇಳಿದ್ದ. ಬೇಡವೆಂದು ಬಾಯಿ ಮುಚ್ಚಿಸಿದವನು ನಾನು. ಬಲ್ಲವರು ಹತ್ತಿರದಲ್ಲೇ ಇದ್ದರು. ಅವರ ಅಂಗಡಿ ಮುಚ್ಚಿದಾಗ ಅವರ ವಿದ್ಯೆಯನ್ನು ಯಾರೂ ಕೇಳಿ ಕಲಿಯಲಿಲ್ಲ. ಈ ಹೊಣೆ ಊರಿನದು. ಹೀಗೆ ಹಂಚಿದಾಗ ಪ್ರತಿಯೊಬ್ಬನಿಗೂ ಮಾಡಬೇಕಾದ ಒಂದು ಕೆಲಸ ಉಳಿಯುತ್ತದೆ. ಒಬ್ಬನ ತಲೆಗೆ ಕಟ್ಟಿದರೆ ಅವನಿಗೆ ಅವಮಾನ ಉಳಿಯುತ್ತದೆ, ಮಿಕ್ಕವರಿಗೆ ಏನೂ ಉಳಿಯುವುದಿಲ್ಲ.

ನನಗೆ ಉಳಿದ ಕೆಲಸ ಯಾವುದೆಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಒಂದು ವಾರ ತಳ್ಳಿದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಮೆಲ್ಲನೆ ಹೇಳಿ ಬರೋಣವೆಂದು ಮನಸ್ಸು ಉಪಾಯ ಹೇಳಿತು. ಬೈದದ್ದು ಹಗಲಲ್ಲಿ, ಜನರ ಮುಂದೆ. ಕ್ಷಮೆ ಮಾತ್ರ ಕತ್ತಲಲ್ಲಿ, ಒಬ್ಬನೇ ಇದ್ದಾಗ! ಇದು ಪಡೆದ ಸಾಲವನ್ನು ಸವಕಲು ನಾಣ್ಯದಲ್ಲಿ ತೀರಿಸಿದಂತೆ. ಕೊನೆಗೆ ಒಂದು ಮಧ್ಯಾಹ್ನ, ಜನ ಇರುವ ಹೊತ್ತನ್ನೇ ನೋಡಿ ಹೋದೆ. ಒಬ್ಬ ಆಟೋದವನು, ಫೋನು ಹಿಡಿದ ಇಬ್ಬರು ಹೆಂಗಸರು ನಿಂತಿದ್ದರು. ಹಣವನ್ನು ಮೇಜಿನ ಮೇಲಿಟ್ಟು, "ಅವತ್ತು ನಾನು ಆಡಿದ ಮಾತು ತಪ್ಪು ಕಣಯ್ಯಾ. ರೇಡಿಯೋ ನೀನು ಕೆಡಿಸಿದ್ದಲ್ಲ" ಎಂದು ಗಟ್ಟಿಯಾಗಿ ಹೇಳಿ, ನಡೆದದ್ದನ್ನೆಲ್ಲ ವಿವರಿಸಿದೆ. ಆಟೋದವನು ಏನೋ ಕೆಲಸವಿದ್ದವನಂತೆ ರಸ್ತೆಯ ಕಡೆ ತಿರುಗಿದ.

ಹುಡುಗ ಸಂಕೋಚಪಟ್ಟು, "ಬುಡಿ ಸಾರ್, ಅದ್ನೆಲ್ಲ ಯಾಕ ಈಗ" ಎಂದ. ಆಮೇಲೆ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು, "ಅಲ್ಲ ಸಾರ್, ಹಾಳೆ ಇಲ್ದೆ ಹೋದ್ರ ಆ ಸೆಟ್ಟಿನ ನೆಲ ಪ್ಲಸ್ಸು ಅಂತ ಹೆಂಗ ಗೊತ್ತಾಯ್ತದ?" ಎಂದು ಕೇಳಿದ. ನಾನು ಅವನಿಂದ ಕ್ಷಮೆಯನ್ನು ನಿರೀಕ್ಷಿಸಿದ್ದೆ. ಅವನಿಗೆ ಬೇಕಾಗಿದ್ದದ್ದು ಉತ್ತರ. ನನಗೆ ಗೊತ್ತಿರಲಿಲ್ಲ. ಯಳಂದೂರಿನ ವೃದ್ಧರ ಮನೆಯ ಗುರುತು ಹೇಳಿದೆ. ಮುಂದಿನ ಭಾನುವಾರ ಅವನು ಹೋಗಿದ್ದನಂತೆ. ಆಮೇಲೆ ಮತ್ತೆರಡು ಸಲವೂ ಹೋದನೆಂದು ಕೇಳಿದೆ.

ತಾಯಿಯವರಿಗೆ ಬೆಳಗಿನ ಮೈಸೂರು ಕೇಳಿಸುತ್ತಿದೆ. ನನ್ನ ಬಾಕಿ ಮಾತ್ರ ಪೂರ್ತಿ ಚುಕ್ತವಾಗಿಲ್ಲ. ನಾನು ಬೈದ ದಿನ ಅಂಗಡಿಯ ಮುಂದೆ ನಿಂತಿದ್ದವರು ಬೇರೆ, ಕ್ಷಮೆ ಕೇಳಿದ ದಿನ ಇದ್ದವರು ಬೇರೆ. ಆ ಮೊದಲಿನವರಿಗೆ ಅವನು ಇಂದಿಗೂ ಮೇಷ್ಟರ ರೇಡಿಯೋ ಕೆಡಿಸಿದವನೇ. ಅವರಲ್ಲಿ ಒಬ್ಬಿಬ್ಬರಾದರೂ ಈ ಪುರವಣಿಯನ್ನು ಓದುವವರಿರಬಹುದೆಂದು ಇಷ್ಟನ್ನು ಬರೆದೆ.